‘ಮಾಡು, ಯಾರು ಬೇಡ ಅಂದ್ರು?’ ಅನ್ನೋ ಗಂಡನ ಜೊತೆ ಬೆಳೆಯೋದು ಹೇಗೆ?

ಡೊಂಬಿವಲಿ ಕನ್ನಡತಿ
ಎಲ್ಲರಿಗೂ ನಮಸ್ಕಾರ. ನನ್ನದು ಬೈಂದೂರು ಕಡೆ. ಬಿ.ಎ. ಮುಗಿದ ವರ್ಷವೇ ಮದುವೆಯಾಗಿ ಮುಂಬಯಿಗೆ ಬಂದವಳು. ಮಗಳು ಒಂಬತ್ತನೇ ಕ್ಲಾಸ್, ಮಗ ಐದನೇ ಕ್ಲಾಸ್, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆಯಲ್ಲ, ಅಲ್ಲಿ ಎಂ.ಎ. ಮಾಡಬೇಕು ಅಂತ ಬಹಳ ವರ್ಷದ ಆಸೆ. ಮಕ್ಕಳು ಸಣ್ಣವರು ಅಂತ ಮುಂದೂಡುತ್ತಾ ಬಂದೆ. ಈ ವರ್ಷ ಮನಸ್ಸು ಗಟ್ಟಿ ಮಾಡಿ ಮನೆಯವರ ಹತ್ತಿರ ಹೇಳಿದೆ. ಅವರು ಮೊಬೈಲಿನಿಂದ ತಲೆ ಎತ್ತದೆ ‘ಮಾಡು, ಯಾರು ಬೇಡ ಅಂದ್ರು?’ ಅಂದರು.

ಅಷ್ಟೇ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಕೆಟ್ಟವರಲ್ಲ. ಕುಡಿತ ಇಲ್ಲ, ಕೈ ಎತ್ತಿದವರಲ್ಲ, ಸಂಬಳ ತಂದು ಕೈಯಲ್ಲಿ ಇಡ್ತಾರೆ. ಆದರೆ ನಾನು ಕ್ಲಾಸಿಗೆ ಹೋದ ದಿನ ಮಗನನ್ನು ಟ್ಯೂಷನ್ನಿಂದ ಕರೆತರುವವರು ಯಾರು, ಅತ್ತೆಗೆ ಊಟಕ್ಕೆ ಮೊದಲಿನ ಇನ್ಸುಲಿನ್ ಚುಚ್ಚುವವರು ಯಾರು, ರಾತ್ರಿಯ ಅಡುಗೆ ಯಾರದು, ಇದೊಂದೂ ಅವರ ತಲೆಗೆ ಬರಲಿಲ್ಲ. ಎಲ್ಲ ಮುಗಿಸಿ, ಉಳಿದ ಹೊತ್ತಿನಲ್ಲಿ ನಾನು ಬೆಳೆಯಬೇಕು. ಹೊತ್ತು ಉಳಿಯೋದಿಲ್ಲ.

ಯಾರನ್ನೂ ಬಿಟ್ಟು ಹೋಗದೆ, ಮನೆಯೊಳಗೇ ಇದ್ದುಕೊಂಡು ಒಬ್ಬ ಮನುಷ್ಯ ಬೆಳೆಯೋದು ಹೇಗೆ? ನಿಮ್ಮ ಮನೆಗಳಲ್ಲಿ ಹೇಗೆ ಸಾಧ್ಯವಾಯ್ತು ಹೇಳಿ.

ಕುರ್ಲಾ ಕಾಮತ
ಮೊದಲು ಅರ್ಜಿ ಹಾಕಿ. ಉಳಿದದ್ದು ಆಮೇಲೆ.

ಅಂಧೇರಿ ಅಣ್ಣ
ಕ್ಷಮಿಸಿ, ನನಗೆ ಇದರಲ್ಲಿ ಗಂಡನ ತಪ್ಪು ಕಾಣ್ತಾ ಇಲ್ಲ. ಮಾಡು ಅಂದಿದ್ದಾರೆ. ಇನ್ನೇನು ಆರತಿ ಎತ್ತಬೇಕಾ? ಅವರೂ ಡೊಂಬಿವಲಿಯಿಂದ ದಿನಾ ಗಾಡಿಯಲ್ಲಿ ಜೋತಾಡಿಕೊಂಡು ಹೋಗಿ ದುಡಿದು ಬರುವವರೇ. ಸಾಯಂಕಾಲ ಮನೆಗೆ ಬಂದವನಿಗೆ ಐದು ನಿಮಿಷ ಮೊಬೈಲ್ ನೋಡುವಷ್ಟು ಹಕ್ಕಿಲ್ಲವೇ? ಸಣ್ಣ ಮಾತನ್ನು ದೊಡ್ಡದು ಮಾಡ್ತಾ ಇದ್ದೀರಿ.

ಕುಂದಾಪ್ರ ಹುಡುಗಿ, ಭಾಂಡುಪ್
ಅಂಧೇರಿ ಅಣ್ಣ, ಸಣ್ಣ ಮಾತಲ್ಲ ಮಾರಾಯ್ರೆ. ಒಪ್ಪಿಗೆ ಕೊಡಲಿಕ್ಕೆ ಅವರಿಗೆ ಏನೂ ಖರ್ಚಾಗಲಿಲ್ಲ ಅಲ್ದಾ? ಖರ್ಚೆಲ್ಲ ಅಕ್ಕನದ್ದೇ. ನಿದ್ದೆ ಅವಳದ್ದು ಹೋಯ್ತದೆ, ಮಗನ ಮಾರ್ಕ್ಸ್ ಕಮ್ಮಿ ಆದ್ರೆ ಬೈಗುಳ ಅವಳಿಗೆ. ನನ್ನ ಅಕ್ಕ ಹೀಗೇ ಬಿ.ಎಡ್. ಶುರು ಮಾಡಿ ಅರ್ಧದಲ್ಲಿ ಬಿಟ್ಟಳು. ‘ನಾನೇನು ಬೇಡ ಅಂದಿದ್ನಾ, ಅವಳೇ ಬಿಟ್ಟದ್ದು’ ಅಂತ ಭಾವ ಇವತ್ತಿಗೂ ಹೇಳ್ತಾರೆ. ಅದು ಕೇಳುವಾಗ ಅವಳ ಮುಖ ನೋಡಲಿಕ್ಕಾಗುದಿಲ್ಲ.

ಲೆಕ್ಕದ ಮೇಷ್ಟ್ರು, ಮುಲುಂಡ್
ಈ ವಾದಕ್ಕೆ ಸರ್ಕಾರದ ಅಂಕಿ ಇದೆ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಾರೆ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ಹೆಂಗಸರದು 289ಕ್ಕೆ ಇಳಿಯಿತು. ಗಂಡಸರದು ಏರಲಿಲ್ಲ, ಅದೂ 88ಕ್ಕೆ ಇಳಿಯಿತು.

ಅಂಧೇರಿ ಅಣ್ಣ
97 ನಿಮಿಷ ಅಂದರೆ ಒಂದೂವರೆ ಗಂಟೆಗಿಂತ ಜಾಸ್ತಿ. ಆಫೀಸು, ಪ್ರಯಾಣ ಎಲ್ಲ ಆದಮೇಲೆ ಅದು ಕಡಿಮೆಯೇನಲ್ಲ.

ಲೆಕ್ಕದ ಮೇಷ್ಟ್ರು, ಮುಲುಂಡ್
ಅಲ್ಲೇ ಎಲ್ಲರೂ ಎಡವೋದು. ಅದು ಮನೆಗೆಲಸಕ್ಕೆ ಕೈ ಹಾಕಿದವರ ಸರಾಸರಿ ಮಾತ್ರ. 2019ರಲ್ಲಿ ಹಾಗೆ ಕೈ ಹಾಕಿದ ಗಂಡಸರು ನೂರಕ್ಕೆ 26 ಮಂದಿ, ಹೆಂಗಸರು ನೂರಕ್ಕೆ 81. ಏನೂ ಮಾಡದವರನ್ನೂ ಸೇರಿಸಿ ಹಂಚಿ ನೋಡಿ, ಗಂಡಸಿನ ಪಾಲಿಗೆ ಸುಮಾರು 25 ನಿಮಿಷ ಬರ್ತದೆ, ಹೆಂಗಸಿನ ಪಾಲಿಗೆ ನಾಲ್ಕು ಗಂಟೆ. ಎಂ.ಎ. ಓದಲಿಕ್ಕೆ ಬೇಕಾದ ಹೊತ್ತು ಆ ನಾಲ್ಕು ಗಂಟೆಯಿಂದಲೇ ಬರಬೇಕು, ಬೇರೆ ಎಲ್ಲಿಂದಲೂ ಬರೋದಿಲ್ಲ.

ಠಾಣೆ ಸುಮಾ
ಲೋಕಲ್‌ನಲ್ಲಿ ಓದಬಹುದಲ್ಲ? ನಾನು ಬ್ಯಾಂಕ್ ಪರೀಕ್ಷೆಗೆ ಪೂರ್ತಿ ಗಾಡಿಯಲ್ಲೇ ಓದಿದ್ದು.

ಕುಂದಾಪ್ರ ಹುಡುಗಿ, ಭಾಂಡುಪ್
ಠಾಣೆಯಿಂದ ಹತ್ತುವವರಿಗೂ ಡೊಂಬಿವಲಿಯಿಂದ ಹತ್ತುವವರಿಗೂ ವ್ಯತ್ಯಾಸ ಉಂಟು ಅಕ್ಕಾ. ಡೊಂಬಿವಲಿಯಲ್ಲಿ ಬೆಳಿಗ್ಗೆ ಫಾಸ್ಟ್ ಗಾಡಿಗೆ ಕಾಲಿಡಲಿಕ್ಕೇ ಜಾಗ ಇಲ್ಲ. ಕೂರಲಿಕ್ಕೆ ಸೀಟು ಬೇಕಾದ್ರೆ ಹಿಂದೆ ಕಲ್ಯಾಣಕ್ಕೆ ಹೋಗಿ ಅಲ್ಲಿಂದ ಕೂತು ಬರಬೇಕು.

ಠಾಣೆ ಸುಮಾ
ನಾನು ಹೇಳಿದ್ದು ವಾಪಸು ಬರುವಾಗ. ಆದರೆ ನಿಜ, ವಾಪಸು ಬರುವಾಗ ಲೇಡೀಸ್ ಡಬ್ಬದಲ್ಲಿ ಎಷ್ಟು ಜನ ಸುಮ್ಮನೆ ಕೂತಿರ್ತಾರೆ? ನಮ್ಮ ಗುಂಪಿನಲ್ಲಿ ಒಬ್ಬರು ದಾದರ್‌ನಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಕೊಳ್ತಾರೆ. ಘಾಟ್ಕೋಪರ್ ಬರುವಷ್ಟರಲ್ಲಿ ಮಡಿಲ ಮೇಲಿನ ಪೇಪರ್ ತುಂಬ ಎಲೆ, ಕಡ್ಡಿ ಬೇರೆ ಚೀಲಕ್ಕೆ. ಠಾಣೆಯಲ್ಲಿ ಇಳಿಯುವಾಗ ಪಲ್ಯಕ್ಕೆ ಸೊಪ್ಪು ರೆಡಿ. 1992ರಲ್ಲಿ ಪಶ್ಚಿಮ ರೈಲ್ವೆ ಚರ್ಚ್‌ಗೇಟ್‌ನಿಂದ ಬೊರಿವಲಿಗೆ ಲೇಡೀಸ್ ಸ್ಪೆಷಲ್ ಗಾಡಿ ಬಿಟ್ಟಾಗ ನನ್ನ ಅಮ್ಮ ಅದರಲ್ಲಿ ಹೋಗಿ ಬರ್ತಿದ್ದರು. ಅಮ್ಮನ ಮಡಿಲಲ್ಲೂ ತರಕಾರಿಯೇ ಇರ್ತಿತ್ತು. ಗಾಡಿ ಬದಲಾಯ್ತು, ಮಡಿಲಲ್ಲಿ ಇದ್ದದ್ದು ಬದಲಾಗಲಿಲ್ಲ.

ಕೋಥ್ರೂಡ್ ಧಾರವಾಡಿ
ನಮಸ್ಕಾರ್ರಿ, ಪುಣೆಯಿಂದ. ಇಂಥಾ ಪ್ರಶ್ನೆಗೆ ನಮ್ಮ ಪುಣೆ ಊರೇ ಉತ್ತರ ಕೊಟ್ಟದ ನೋಡ್ರಿ. ಸಾವಿತ್ರಿಬಾಯಿಗೆ ಅಕ್ಷರ ಕಲಿಸಿದವ್ರು ಯಾರು? ಗಂಡ ಜೋತಿಬಾ ಫುಲೆ. 1848ರಾಗ ಭಿಡೆವಾಡಾದಾಗ ಹೆಣ್ಣುಮಕ್ಕಳ ಶಾಲೆ ತಗದ್ರು, ಅಲ್ಲಿ ಆಕೀನ ಟೀಚರ್. ಮುಂದ ರಮಾಬಾಯಿ ರಾನಡೆ. 1873ರಾಗ ಮದುವಿ ಆದಾಗ ಆಕಿ 11 ವರ್ಷದ ಹುಡುಗಿ, ಅಕ್ಷರ ಬರ್ತಿದ್ದಿಲ್ಲ. ನ್ಯಾಯಮೂರ್ತಿ ರಾನಡೆ ದಿನಾ ಕೂಡಿಸಿಕೊಂಡು ಕಲಿಸಿದ್ರು. ಮನ್ಯಾಗಿನ ಹೆಂಗಸ್ರು ಆಕೀನ್ನ ಹಂಗಿಸಿದ್ರು, ಆದ್ರ ಆಕಿ ಬಿಡಲಿಲ್ಲ. 1901ರಾಗ ರಾನಡೆ ತೀರಿಕೊಂಡ ಮ್ಯಾಲೂ ಆಕಿ ಮೂಲ್ಯಾಗ ಕೂಡಲಿಲ್ಲ, 1909ರಾಗ ಪುಣೆ ಸೇವಾಸದನ ಶುರು ಮಾಡಿದ್ಲು. ನರ್ಸ್ ಆದವ್ರು, ಮಾಸ್ತರಿಕಿ ಕಲ್ತವ್ರು ಎಷ್ಟೋ ಮಂದಿ ಅಲ್ಲಿಂದ ಹೊರಗ ಬಂದ್ರು. ಗಂಡ ಮನಸ್ಸು ಮಾಡಿದ್ರ ಏನು ಆಗೂದಿಲ್ಲ ಹೇಳ್ರಿ?

ಕಲ್ಯಾಣಿ, ಕಲ್ಯಾಣ
ಧಾರವಾಡಿ ಅವರೇ, ಅರ್ಧ ಕಥೆ ಹೇಳಿದ್ರಿ. ನಮ್ಮ ಕಲ್ಯಾಣದವಳು ಆನಂದಿಬಾಯಿ ಜೋಶಿ. ಗಂಡ ಗೋಪಾಲರಾವ್‌ಗೆ ಹೆಂಡತಿ ಓದಬೇಕು ಅನ್ನೋ ಹಠ. ಓದಲಿಲ್ಲ ಅಂತ ಹೊಡೆದ. ಪುಸ್ತಕ, ಕುರ್ಚಿ ಎಸೆದದ್ದನ್ನು ಅವಳೇ ಅವನಿಗೆ ಬರೆದ ಪತ್ರದಲ್ಲಿ ನೆನಪಿಸಿದ್ದಾಳೆ. ಹದಿನಾಲ್ಕರಲ್ಲಿ ಹೆತ್ತ ಮಗು ಹತ್ತೇ ದಿನ ಬದುಕಿತು. ಆಮೇಲೆ ವೈದ್ಯಕೀಯ ಓದಲೇಬೇಕು ಅನ್ನೋದು ಅವಳದೇ ಹಠವಾಯಿತು. 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಾಕ್ಟರ್ ಆದಳು. ಮರುವರ್ಷ ಫೆಬ್ರವರಿಯಲ್ಲಿ ಕ್ಷಯದಿಂದ ಪುಣೆಯಲ್ಲಿ ತೀರಿಹೋದಳು. 22 ತುಂಬಿರಲಿಲ್ಲ.

ಗಂಡ ಹೇಳಿದ್ದಕ್ಕೆ ಓದೋದು, ಗಂಡ ಹೇಳಿದ್ದಕ್ಕೆ ಓದು ಬಿಡೋದು, ಎರಡರಲ್ಲೂ ಮಾತು ಅವನದೇ. ಆನಂದಿಬಾಯಿಯ ಜೀವನದಲ್ಲಿ ನನಗೆ ಮುಖ್ಯ ಅನ್ನಿಸೋದು ಅವಳಿಗೇ ಅದು ಬೇಕು ಅನ್ನಿಸಿದ ಗಳಿಗೆ.

ಕೋಥ್ರೂಡ್ ಧಾರವಾಡಿ
ಇದು ಖರೇ. ಆದ್ರ ಫುಲೆ, ರಾನಡೆ ಅವ್ರನ್ನ ಗೋಪಾಲರಾವ್ ಸಾಲಿಗೆ ನಿಲ್ಲಸಬ್ಯಾಡ್ರಿ.

ಕಲ್ಯಾಣಿ, ಕಲ್ಯಾಣ
ನಿಲ್ಲಿಸ್ತಾ ಇಲ್ಲ. ಸಾವಿತ್ರಿಬಾಯಿ, ಜೋತಿಬಾ ಇಬ್ಬರದೂ ಒಂದೇ ಕೆಲಸ, ಇಬ್ಬರಿಗೂ ಊರು ಒಟ್ಟಿಗೆ ಬೈಯ್ತು. ಅದೇ ವ್ಯತ್ಯಾಸ.

ಬಾಣೇರ್ ಭಾಗ್ಯ
ನಾನು ಪುಣೆಯಲ್ಲಿ ಆಪ್ತಸಮಾಲೋಚಕಿ. ಕಲ್ಯಾಣಿ ಅವರ ಮಾತಿಗೆ ಮನಶ್ಶಾಸ್ತ್ರದಲ್ಲಿ ಆಧಾರ ಇದೆ. ಕ್ಯಾರಿಲ್ ರಸ್ಬಲ್ಟ್ ಮತ್ತವರ ಜೊತೆಗಾರರು 1999ರಲ್ಲಿ ಒಂದು ವಿಚಾರ ಮಂಡಿಸಿದರು. ಅದಕ್ಕೆ ಶಿಲ್ಪಿ ಮೈಕೆಲ್ಯಾಂಜೆಲೊನ ಹೆಸರಿಟ್ಟರು. ಕಲ್ಲಿನೊಳಗೆ ಇರುವ ಆಕೃತಿಯನ್ನು ಶಿಲ್ಪಿ ಬಿಡಿಸಿ ತೆಗೆಯುವ ಹಾಗೆ, ಒಳ್ಳೆಯ ಸಂಗಾತಿ ನಾವು ಆಗಬೇಕು ಅಂದುಕೊಂಡ ಮನುಷ್ಯನನ್ನು ಹೊರಗೆ ತರಲು ನೆರವಾಗ್ತಾರೆ. ಅಂಥ ದಾಂಪತ್ಯದಲ್ಲಿ ತೃಪ್ತಿಯೂ ಹೆಚ್ಚು ಅಂತ ಅವರು ಕಂಡುಕೊಂಡರು.

ಕುಂದಾಪ್ರ ಹುಡುಗಿ, ಭಾಂಡುಪ್
ಹೆಂಡತಿ ಕಲ್ಲು, ಗಂಡ ಶಿಲ್ಪಿ? ಇದು ಬೇಡಪ್ಪ.

ಬಾಣೇರ್ ಭಾಗ್ಯ
ಇಲ್ಲ ಇಲ್ಲ, ಎರಡೂ ಕಡೆಯಿಂದ. ಗಂಡನೂ ಹೆಂಡತಿಯ ಕೈಯಲ್ಲಿ ರೂಪುಗೊಳ್ತಾನೆ. ಮತ್ತೆ, ಆಕೃತಿ ಯಾವುದು ಅಂತ ತೀರ್ಮಾನಿಸೋದು ಶಿಲ್ಪಿ ಅಲ್ಲ. ಅದು ಆ ಮನುಷ್ಯನ ಸ್ವಂತ ಕನಸು. ನನ್ನ ಹೆಂಡತಿ ಹೀಗಿರಬೇಕು ಅಂತ ತನ್ನ ಮನಸ್ಸಿನ ಅಚ್ಚಿಗೆ ಕೆತ್ತಲು ಹೊರಟರೆ ಸಂಬಂಧ ಹಾಳಾಗ್ತದೆ. ಗೋಪಾಲರಾವ್ ಶುರುವಿನಲ್ಲಿ ಮಾಡಿದ್ದು ಅದನ್ನೇ.

ಇನ್ನೊಂದು ಪ್ರಯೋಗ ಹೇಳ್ತೇನೆ. ಆರ್ಥರ್ ಆರನ್ ಮತ್ತವರ ತಂಡ 2000ದಲ್ಲಿ ಪ್ರಕಟಿಸಿದ್ದು. ಗಂಡ ಹೆಂಡಿರ ಒಂದೊಂದು ಮಣಿಕಟ್ಟು, ಒಂದೊಂದು ಪಾದ ಸೇರಿಸಿ ಕಟ್ಟಿದರು. ಹಾಗೇ ಅಂಬೆಗಾಲಿಡುತ್ತಾ, ನಡುವೆ ಇಟ್ಟ ತಡೆಯನ್ನು ದಾಟಿಕೊಂಡು ಒಂದು ದಿಂಬನ್ನು ಆಚೆ ದಡಕ್ಕೆ ಮುಟ್ಟಿಸಬೇಕು. ದಿಂಬನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ, ಹಲ್ಲಲ್ಲೂ ಕಚ್ಚುವ ಹಾಗಿಲ್ಲ. ಏಳು ನಿಮಿಷದ ಆಟ. ಇನ್ನು ಕೆಲವು ಜೋಡಿಗಳಿಗೆ ಚೆಂಡು ಉರುಳಿಸುವ ಸಪ್ಪೆ ಕೆಲಸ ಕೊಟ್ಟರು. ಹೊಸ ಆಟ ಆಡಿದವರಿಗೆ ಆಮೇಲೆ ತಮ್ಮ ದಾಂಪತ್ಯದ ಬಗ್ಗೆ ಹೆಚ್ಚು ಸಂತೋಷ ಕಂಡಿತು. ಜೊತೆಯಾಗಿ ಹೊಸತೇನಾದರೂ ಕಲಿಯುವ ಜೋಡಿ ಹಳತಾಗೋದಿಲ್ಲ. ನನ್ನ ಹತ್ತಿರ ಬರುವವರಲ್ಲೂ ಅದನ್ನೇ ನೋಡ್ತೇನೆ. ಜಗಳಕ್ಕಿಂತ ಹೆಚ್ಚಾಗಿ ಬೇಸರವೇ ಅವರನ್ನು ತಂದು ಕೂರಿಸಿರ್ತದೆ.

ಅಂಧೇರಿ ಅಣ್ಣ
ಅಮೆರಿಕದ ಜೋಡಿಗಳ ಮೇಲೆ ಮಾಡಿದ್ದು ಡೊಂಬಿವಲಿಯ ಒಂದು ಬಿ.ಎಚ್.ಕೆ.ಗೆ ಹೊಂದಿಕೆ ಆಗ್ತದಾ?

ಬಾಣೇರ್ ಭಾಗ್ಯ
ದಿಂಬು ಬೇಡ. ಇಬ್ಬರೂ ಸೇರಿ ಮಾಡದೇ ಇದ್ದ ಒಂದು ಕೆಲಸ ಸಾಕು.

ಘಾಟ್ಕೋಪರ್ ಹೋಟೆಲಿನವ
ಬರೆಯಬೇಕೋ ಬೇಡವೋ ಅಂತ ನಿನ್ನೆಯಿಂದ ಯೋಚನೆ ಮಾಡಿ ಬರೀತಿದ್ದೇನೆ. ಹುಡುಗನಾಗಿದ್ದಾಗ ಬಸ್ಸು ಹತ್ತಿ ಬೊಂಬಾಯಿಗೆ ಬಂದು ಟೇಬಲ್ ಒರೆಸುವಲ್ಲಿಂದ ಶುರು ಮಾಡಿದವ ನಾನು. ಫೋರ್ಟಿನ ಕಡೆ ಕನ್ನಡ ರಾತ್ರಿ ಶಾಲೆಗಳು ಇದ್ದವು. ಹಗಲು ಕಪ್ಪು ಬಸಿ ತೊಳೆದು ರಾತ್ರಿ ಅಲ್ಲಿ ಓದಿ ಮೇಲೆ ಬಂದ ನಮ್ಮವರು ನೂರಾರು ಮಂದಿ. ನಾನಿದ್ದ ಹೋಟೆಲಿನಲ್ಲಿ ರಾತ್ರಿ ಪಾಳಿ ಜಾಸ್ತಿ, ನನಗೆ ಆ ಭಾಗ್ಯ ಇರಲಿಲ್ಲ. ಕನ್ನಡ ಓದ್ತಿದ್ದೆ. ಇಂಗ್ಲಿಷ್ ಕಾಗದ ಬಂದರೆ ಇನ್ನೊಬ್ಬರ ಕೈಗೆ ಕೊಡಬೇಕು.

ಮದುವೆಯಾದ ಮೇಲೆ ಹೆಂಡತಿಗೆ ಇದು ಗೊತ್ತಾಯಿತು. ಅವಳು ಎಸ್ಸೆಸ್ಸೆಲ್ಸಿ ಪಾಸು. ಅವಳು ಏನೂ ದೊಡ್ಡ ಮಾತಾಡಲಿಲ್ಲ. ರಾತ್ರಿ ಶಟರ್ ಎಳೆದು, ಹುಡುಗರು ನೆಲಕ್ಕೆ ಫಿನಾಯಿಲ್ ಹಾಕಿ ಹೋದ ಮೇಲೆ ಮೂಲೆಯ ಮಾರ್ಬಲ್ ಟೇಬಲ್ಲಿಗೆ ಕೂರಿಸಿ, ಹಳೇ ಬಿಲ್ ಪುಸ್ತಕದ ಹಿಂದಿನ ಖಾಲಿ ಬದಿಯಲ್ಲಿ ಬರೆಸ್ತಿದ್ದಳು. ಮೊದಲು ಬರೆಸಿದ್ದು ನನ್ನ ಹೆಸರಲ್ಲ, ಲೈಸೆನ್ಸ್ ಕಾಗದದ ಮೇಲಿದ್ದ ಶಬ್ದಗಳು. ನಿಮಗೆ ನಾಳೆ ಬೇಕಾಗುವುದು ಇದೇ ಅಂದಳು. ಈಗ ನಾನೇ ಆಫೀಸಿಗೆ ಹೋಗಿ ಕಾಗದ ಓದಿ ಸಹಿ ಹಾಕಿ ಬರ್ತೇನೆ.

ಒಂದು ದಿನ ನಾನೂ ಕೇಳಿದೆ, ನಿನಗೇನು ಬೇಕು ಅಂತ. ಸೀರೆ, ಬಳೆ ಹೇಳ್ತಾಳೆ ಅಂತ ಇದ್ದೆ. ‘ಗಲ್ಲದಲ್ಲಿ ಕೂರ್ತೇನೆ’ ಅಂದಳು, ಅಂದರೆ ದುಡ್ಡು ತೆಗೆದುಕೊಳ್ಳುವ ಕೌಂಟರಿನಲ್ಲಿ. ಅಣ್ಣಂದಿರು ನಕ್ಕರು, ಹೆಂಗಸನ್ನು ಗಲ್ಲದಲ್ಲಿ ಕೂರಿಸಿದರೆ ಮರ್ಯಾದೆ ಏನಾಗ್ತದೆ ಅಂತ. ಕೂರಿಸಿದೆ. ಆವಾಗ ಮಧ್ಯಾಹ್ನ ಮಕ್ಕಳ ಊಟ ಯಾರು ನೋಡಬೇಕು? ನಾನು ಮೇಲೆ ಮನೆಗೆ ಹೋಗಿ ಬಡಿಸಿ ಬರ್ತಿದ್ದೆ. ಹೋಟೆಲಿನವನಿಗೆ ಬಡಿಸಲಿಕ್ಕೆ ಕಲಿಸಬೇಕಾ? ಆದರೆ ಸ್ವಂತ ಮಕ್ಕಳಿಗೆ ಬಡಿಸಿದ್ದು ಆಗಲೇ. ಮೊಮ್ಮಕ್ಕಳು ಇವತ್ತು ನನ್ನ ಕೈಯಿಂದಲೇ ಉಣ್ಣುವುದು.

ಅಕ್ಕ, ನಿಮ್ಮ ಗಂಡನಿಗೆ ಒಂದು ಪ್ರಶ್ನೆ ಕೇಳಿ. ಅವರಿಗೆ ಏನಾಗಬೇಕು ಅಂತ ಆಸೆ ಇತ್ತು? ಗಂಡಸಿಗೂ ಯಾರೂ ಕೇಳಿರುವುದಿಲ್ಲ. ಕೇಳದೇ ಇದ್ದವನಿಗೆ ಇನ್ನೊಬ್ಬರನ್ನು ಕೇಳಲಿಕ್ಕೂ ಬರುವುದಿಲ್ಲ.

ಠಾಣೆ ಸುಮಾ
ಇದನ್ನು ಓದಿ ಕಣ್ಣು ತುಂಬಿತು. ನಿಮ್ಮ ಮನೆಯವರಿಗೆ ನಮಸ್ಕಾರ ಹೇಳಿ.

ಕಲ್ಯಾಣಿ, ಕಲ್ಯಾಣ
ಚೆನ್ನಾಗಿದೆ. ಆದರೆ ಇಲ್ಲೂ ಮೊದಲು ಕೊಟ್ಟವಳು ಅವಳೇ ಅನ್ನೋದನ್ನು ಗಮನಿಸಿ. ಗಂಡನ ಆಸೆ ಕೇಳೋ ಕೆಲಸವನ್ನೂ ಮತ್ತೆ ಹೆಂಡತಿಯ ತಲೆಗೇ ಕಟ್ಟಬೇಡಿ.

ಘಾಟ್ಕೋಪರ್ ಹೋಟೆಲಿನವ
ಮಾತು ಸರಿ ಉಂಟು. ಆದರೆ ಯಾರಾದರೂ ಒಬ್ಬರು ಶುರು ಮಾಡಬೇಕಲ್ಲ.

ವಾಸ್ಕೋ ವಿಜಾಪುರಿ
ನಾವು ಗೋವಾದಾಗ ಇರೂದು. ಇಲ್ಲಿ ಕಾನೂನೇ ಬ್ಯಾರೆ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಮುಂದ ಗೋವಾಕ್ಕ ಬಂತು, ಇನ್ನೂ ನಡದದ. ಮದುವಿಗೆ ಮೊದಲ ಬ್ಯಾರೆ ಒಪ್ಪಂದ ಮಾಡಿಕೊಳ್ಳದಿದ್ರ ಗಂಡ ಹೆಂಡ್ತಿ ಆಸ್ತಿ ಇಬ್ಬರದೂ ಸಮಪಾಲು. ಹೆಂಡ್ತಿ ಸಹಿ ಇಲ್ದ ಗಂಡ ಮನಿ ಮಾರೂ ಹಂಗಿಲ್ಲ. ಇಡೀ ದೇಶಕ್ಕ ಇದು ಬಂದ್ರ ಹೆಣ್ಣುಮಕ್ಕಳ ಮಾತಿಗೆ ತೂಕ ಬರ್ತದ.

ಮಡಗಾಂವ್ ವಕೀಲ
ಒಂದು ತಿದ್ದುಪಡಿ. ಗೋವಾದಲ್ಲಿ ಬಾಡಿಗೆ ಮನೆ ಮಾಡಿದ ಮಾತ್ರಕ್ಕೆ ಅದು ಎಲ್ಲರಿಗೂ ಅನ್ವಯಿಸೋದಿಲ್ಲ. ಅದು ಗೋವಾ ಮೂಲದವರಿಗೆ, ಅಂದರೆ ಇಲ್ಲಿನ ಕಾಯಂ ನೆಲೆ ಇರುವವರಿಗೆ. ಊರಲ್ಲಿ ಮದುವೆಯಾಗಿ ಕೆಲಸಕ್ಕೆ ಬಂದ ನಮ್ಮ ಹಿಂದೂ ದಂಪತಿಗಳಿಗೆ 1955ರ ಹಿಂದೂ ವಿವಾಹ ಕಾಯ್ದೆಯೇ. ಬೈನಾ, ಜುವಾರಿನಗರದ ಎಷ್ಟೋ ಹೆಣ್ಣುಮಕ್ಕಳು ಅರ್ಧ ಪಾಲು ತಾನಾಗಿ ಬರ್ತದೆ ಅಂತ ನಂಬಿ ಕೂತಿರ್ತಾರೆ. ಮನೆ ಕೊಳ್ಳುವಾಗಲೇ ಇಬ್ಬರ ಹೆಸರು ಹಾಕಿಸಿ.

ವಾಸ್ಕೋ ವಿಜಾಪುರಿ
ಹೌದೇನ್ರಿ? ಇದನ್ನ ಹೇಳಿದ್ದು ಭಾಳ ಚಲೋ ಆತು. ನಮ್ಮ ಮಂದಿಗೆ ತಿಳಿಸ್ತೀನಿ.

ಕುಂದಾಪ್ರ ಹುಡುಗಿ, ಭಾಂಡುಪ್
ಆಸ್ತಿ ಅರ್ಧ ಸಿಕ್ಕಿದ ಮನೆಯಲ್ಲೂ ಅಡುಗೆ ಪೂರ್ತಿ ಹೆಂಗಸಿಂದೇ ಇರ್ತದೆ. ಆದ್ರೂ ಹೆಸರು ಹಾಕಿಸುದು ಒಳ್ಳೇದು.

ಹೆಸರು ಬೇಡ
ನಾನು ಬಾಂದ್ರಾದ ಕುಟುಂಬ ನ್ಯಾಯಾಲಯದ ಬೆಂಚಿನ ಮೇಲೆ ಕೂತು ಬಂದವಳು. ನನ್ನವರು ‘ಯಾರು ಬೇಡ ಅಂದ್ರು’ ಅನ್ನುವ ಜಾತಿಯವರಲ್ಲ, ಹಾಲ್ ಟಿಕೆಟ್ ಹರಿದು ಹಾಕಿದವರು. ಅಂಥ ಕಡೆ ಹೊಂದಿಕೊಂಡು ಬೆಳೆಯಿರಿ ಅನ್ನೋ ಸಲಹೆ ಯಾರೂ ಕೊಡಬೇಡಿ. ರಖ್ಮಾಬಾಯಿ ಇದೇ ಮುಂಬಯಿಯವಳು. 11 ವರ್ಷಕ್ಕೆ ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗೋದಿಲ್ಲ ಅಂದಳು, ಗಂಡ ಕೋರ್ಟಿಗೆ ಹೋದ. 1887ರಲ್ಲಿ ಕೋರ್ಟು ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲು ಅಂದಾಗ ಜೈಲಿಗೇ ಹೋಗ್ತೇನೆ ಅಂದಳು. ಕೊನೆಗೆ ರಾಜಿಯಾಯಿತು. ಲಂಡನ್ನಿನಲ್ಲಿ ಓದಿ ಡಾಕ್ಟರಾಗಿ ಬಂದು ಸೂರತ್, ರಾಜಕೋಟೆಯಲ್ಲಿ ಜೀವಮಾನ ಕೆಲಸ ಮಾಡಿದಳು.

ಡೊಂಬಿವಲಿ ಅಕ್ಕನ ಮನೆ ಅಂಥದ್ದಲ್ಲ ಅಂತ ಕಾಣ್ತದೆ. ಅವರ ಮನೆಯಲ್ಲಿ ಮಾತಿಗೆ ಜಾಗ ಇದೆ. ಅದು ಇರುವಾಗಲೇ ಮಾತಾಡಿ ಅಕ್ಕ.

ಮಾಟುಂಗಾ ಮಾವ
ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಎಷ್ಟೋ ವರ್ಷದಿಂದ ಹೋಗುವ ಮುದುಕ ನಾನು. ಎಲ್ಲರೂ ಪುಣೆ, ಲಂಡನ್ ಅಂದಿರಿ. ನಮ್ಮ ಕಲ್ಯಾಣದ ಕಥೆ, ಬಸವಕಲ್ಯಾಣದ್ದು, ಯಾಕೆ ಯಾರಿಗೂ ನೆನಪಾಗಲಿಲ್ಲ? ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಶರಣ. ಒಂದು ದಿನ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ. ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು. ಅವನು ಹೋಗಿ ಸುರಿದು ಬಂದ. ಹನ್ನೆರಡನೆಯ ಶತಮಾನದಲ್ಲಿ ಹೆಂಡತಿಯ ಮಾತಿನಿಂದ ಗಂಡ ಬೆಳೆದದ್ದು ಹೀಗೆ. ಹೇಳುವ ಧೈರ್ಯ ಅವಳಿಗಿತ್ತು, ಅದಕ್ಕಿಂತ ಹೆಚ್ಚಾಗಿ ಕೇಳುವ ಕಿವಿ ಅವನಿಗಿತ್ತು.

ಅಂಧೇರಿ ಅಣ್ಣ
ಮಾವ, ಈ ಮಾತು ನನಗೆ ತಟ್ಟಿತು. ಆದರೂ ಹೊರಗೆ ದುಡಿದು ಬಂದವನ ದಣಿವಿನ ಬಗ್ಗೆ ಇಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ ಅನ್ನೋದು ನನ್ನ ತಕರಾರು. ಅದು ಹಾಗೇ ಇರಲಿ.

ಮೀರಾ ರೋಡ್ ಅಜ್ಜಿ
ಎಲ್ಲರೂ ಗಂಡ, ಹೆಂಡತಿ ಅಂತ ಬರೆದಿರಿ. ನಾನು ಅತ್ತೆ. ನನ್ನದೂ ಒಂದು ಮಾತು ಇರಲಿ.

ನನ್ನ ಸೊಸೆ ಕೆಲಸಕ್ಕೆ ಹೋಗ್ತಾ ಹೋಗ್ತಾ ಎಂ.ಬಿ.ಎ. ಮುಗಿಸಿದಳು. ನನಗೆ ಹೆಮ್ಮೆ ಇದೆ, ಇಲ್ಲ ಅನ್ನೋದಿಲ್ಲ. ಮಗನೂ ಒಳ್ಳೆಯವನು, ನನ್ನ ಹೆಂಡತಿಗೆ ನಾನು ಸಪೋರ್ಟ್ ಮಾಡಿದೆ ಅಂತ ಎಲ್ಲರ ಹತ್ತಿರ ಹೇಳ್ತಾನೆ. ಮೊಮ್ಮಗಳನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಂಡವಳು ನಾನು. ಜ್ವರ ಬಂದಾಗ ರಾತ್ರಿ ಕೂತವಳು ನಾನು. ಮಗ ಪಾಲು ಹಂಚಿಕೊಳ್ಳಲಿಲ್ಲ, ಸೊಸೆಯ ಪಾಲು ತೆಗೆದು ಅಮ್ಮನ ಮಡಿಲಿಗೆ ಹಾಕಿದ. ಸೊಸೈಟಿಯಲ್ಲಿ ಸಾಯಂಕಾಲ ನಮ್ಮ ಭಜನಾ ಮಂಡಳಿ ಇದೆ. ಹಾರ್ಮೋನಿಯಂ ಕಲಿಸ್ತೇನೆ ಅಂತ ಒಬ್ಬರು ಕರೆದರು. ಆ ಹೊತ್ತಿಗೇ ಮೊಮ್ಮಗಳ ಟ್ಯೂಷನ್. ನನಗೂ ಬೆರಳು ಇವೆ, ಆಸೆ ಇದೆ. ಈ ವಯಸ್ಸಿಗೆ ಅಜ್ಜಿಗೇನು ಕಲಿಯೋದಿದೆ ಅಂದುಕೊಂಡರು, ಯಾರೂ ಕೇಳಲೇ ಇಲ್ಲ.

ಡೊಂಬಿವಲಿ ಮಗಳೇ, ನೀನು ಓದು. ಆದರೆ ನಿನ್ನ ಹೊತ್ತು ಗಂಡನಿಂದ ತಗೋ, ಅತ್ತೆಯಿಂದ ಅಲ್ಲ.

ಕಲ್ಯಾಣಿ, ಕಲ್ಯಾಣ
ಇಡೀ ಚರ್ಚೆಯಲ್ಲಿ ಇದಕ್ಕಿಂತ ದೊಡ್ಡ ಮಾತು ಬಂದಿಲ್ಲ.

ಲೆಕ್ಕದ ಮೇಷ್ಟ್ರು, ಮುಲುಂಡ್
ಅಜ್ಜಿ, ಒಪ್ಪಿದೆ. ಹೆಂಗಸರ ಆ 299 ನಿಮಿಷದಲ್ಲಿ ಸೊಸೆಯ ಹೊತ್ತು ಅತ್ತೆಗೆ ದಾಟಿದರೂ ಸರಾಸರಿ ಬದಲಾಗೋದಿಲ್ಲ. ಹೊರಗಿನಿಂದ ನೋಡಿದವರಿಗೆ ಮಾತ್ರ ಮನೆ ಸುಧಾರಿಸಿದ ಹಾಗೆ ಕಾಣ್ತದೆ.

ಡೊಂಬಿವಲಿ ಕನ್ನಡತಿ
ಎಲ್ಲರ ಮಾತೂ ಓದಿದೆ. ಅಜ್ಜಿ ಬರೆದದ್ದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ದೀಪಾವಳಿ ಕಳೆದು ಮೇಳಗಳು ಹೊರಟ ಮೇಲೆ ಊರಿಗೆ ಹೋಗಿ ಮನಸ್ಸು ತುಂಬುವಷ್ಟು ಯಕ್ಷಗಾನ ನೋಡಬೇಕು, ಒಂದೆರಡು ತಿಂಗಳು ಬರೋದಿಲ್ಲ, ನಾದಿನಿಯ ಮನೆಯಲ್ಲಿ ಇರ್ತೇನೆ ಅಂದರು. ಮನೆಯವರಿಗೆ ಗಾಬರಿ. ‘ಅಲ್ಲಿ ಇನ್ಸುಲಿನ್ ಯಾರು ಕೊಡ್ತಾರೆ?’ ಅಂದರು. ‘ಇಲ್ಲಿ ಯಾರು ಕೊಡ್ತಾ ಇದ್ದಾರೆ ಗೊತ್ತುಂಟಾ ನಿಂಗೆ?’ ಅಂತ ಅತ್ತೆಯೇ ಕೇಳಿದರು. ನಾನು ಏನೂ ಹೇಳಬೇಕಾಗಲಿಲ್ಲ.

ಮರುದಿನ ಒಂದು ಕಾಗದದಲ್ಲಿ ವಾರದ ಏಳು ದಿನ ಬರೆದು, ಪ್ರತಿ ಕೆಲಸದ ಎದುರು ಯಾರ ಹೆಸರು ಅಂತ ಖಾಲಿ ಬಿಟ್ಟು ಮೇಜಿನ ಮೇಲಿಟ್ಟೆ. ನಾನು ತುಂಬಿಸಲಿಲ್ಲ. ಅವರೇ ತುಂಬಿಸಿದರು. ನನ್ನ ಕ್ಲಾಸಿನ ದಿನ ಮಗನನ್ನು ಕರೆತರೋದು, ಅಡುಗೆ, ಅತ್ತೆಯ ಸೂಜಿ ಅವರದು. ಅವರಿಗೆ ಅನ್ನ ಸಾರು ಬರ್ತದೆ, ಚಪಾತಿ ಬರೋದಿಲ್ಲ. ಚಪಾತಿಗೆ ನಮ್ಮ ಬೀದಿಯ ಪೋಳಿ ಭಾಜಿ ಕೇಂದ್ರದಿಂದ ತರ್ತೇನೆ ಅಂದಿದ್ದಾರೆ. ಹೋಟೆಲಿನ ಅಣ್ಣ ಹೇಳಿದ ಪ್ರಶ್ನೆಯನ್ನೂ ಕೇಳಿದೆ. ಸದ್ಯಕ್ಕೆ ‘ನನಗೇನಿದೆ’ ಅಂದರು. ಬಿಡೋದಿಲ್ಲ, ಮತ್ತೆ ಕೇಳ್ತೇನೆ.

ಇದು ಎಷ್ಟು ದಿನ ನಡೀತದೋ ನೋಡಬೇಕು. ಅರ್ಜಿಗೆ ಬೇಕಾದ ಬಿ.ಎ. ಅಂಕಪಟ್ಟಿ ಊರಿನಿಂದ ತರಿಸ್ತಾ ಇದ್ದೇನೆ. ಈಗ ನನ್ನ ಹೆದರಿಕೆ ಬೇರೆ. ಹಳಗನ್ನಡ ಪೂರ್ತಿ ಮರೆತು ಹೋಗಿದೆ.

ಅಂಧೇರಿ ಅಣ್ಣ
ಚಪಾತಿ ಕೇಂದ್ರದಿಂದ ತಂದರೆ ಅಲ್ಲಿ ಬೇಯಿಸುವ ಹೆಂಗಸಿನ ಬೆಳವಣಿಗೆ ಏನಾಯ್ತು? ನಿಜವಾಗಿ ಕೇಳ್ತಾ ಇದ್ದೇನೆ.

ಠಾಣೆ ಸುಮಾ
ಒಳ್ಳೇ ಪ್ರಶ್ನೆ. ಅವಳಿಗೆ ಅದಕ್ಕೆ ದುಡ್ಡು ಸಿಗ್ತದೆ, ಮನೆಯಲ್ಲಿ ಮಾಡಿದ್ದಕ್ಕೆ ಸಿಗೋದಿಲ್ಲ. ನಮ್ಮ ಕಡೆಯ ಕೇಂದ್ರ ನಡೆಸುವವರು ಆ ದುಡ್ಡಿನಲ್ಲೇ ಮಗಳನ್ನು ಎಂಜಿನಿಯರಿಂಗ್ ಓದಿಸಿದರು. ಅವರ ಮನೆಯಲ್ಲಿ ಹಿಟ್ಟು ಕಲಸುವವರು ಗಂಡ.

ಮೀರಾ ರೋಡ್ ಅಜ್ಜಿ
ನಿನ್ನ ಅತ್ತೆಗೆ ನನ್ನ ಕಡೆಯಿಂದ ಹೇಳಮ್ಮ, ಸಕ್ಕರೆ ಕಾಯಿಲೆಯವರು ಆಟ ನೋಡಲು ಹೋದಾಗ ರಾತ್ರಿ ನಿದ್ದೆಗೆಡುವುದರಿಂದ ಹುಷಾರಾಗಿರಬೇಕು, ಹೋಗುವ ಮೊದಲು ಡಾಕ್ಟರಿಗೆ ಕೇಳಲಿ. ಜೊತೆಗೆ ತಿನ್ನಲು ಏನಾದರೂ ಇಟ್ಟುಕೊಳ್ಳಲಿ.

ಮಾಟುಂಗಾ ಮಾವ
ಹಳಗನ್ನಡಕ್ಕೆ ಹೆದರಬೇಡಿ. ನೇರ ಚಂಪೂವಿಗೆ ಕೈ ಹಾಕಬೇಡಿ, ಕಂಗಾಲಾಗ್ತೀರಿ. ಮೊದಲು ಭಾಮಿನಿ ಷಟ್ಪದಿ ಗಟ್ಟಿಯಾಗಿ ಓದಿ, ನಾಲಿಗೆ ತಿರುಗಲಿ. ಆಮೇಲೆ ಕಂದಪದ್ಯ, ಆಮೇಲೆ ವೃತ್ತ. ನಿಮ್ಮ ಅತ್ತೆ ಅಷ್ಟು ಯಕ್ಷಗಾನ ನೋಡಿದವರಾದರೆ ಅರ್ಧ ಶಬ್ದ ಅವರಿಗೇ ಗೊತ್ತಿರ್ತದೆ, ಊರಿಗೆ ಹೊರಡುವ ಮೊದಲು ಅವರ ಹತ್ತಿರವೇ ಕೂತು ಓದಿ.

ಕುರ್ಲಾ ಕಾಮತ
ಕುರ್ಲಾ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿಯಿರಿ, ಕಲೀನಾಕ್ಕೆ ಅಲ್ಲಿಂದ ಬಸ್ಸೂ ರಿಕ್ಷಾವೂ ಇವೆ. ಮಳೆಗಾಲದಲ್ಲಿ ಅರ್ಧ ಗಂಟೆ ಮುಂಚೆ ಹೊರಡಿ, ಆ ರಸ್ತೆ ತುಂಬ ಜಾಮ್ ಆಗ್ತದೆ.

ಡೊಂಬಿವಲಿ ಕನ್ನಡತಿ
ಮಾವ, ಷಟ್ಪದಿಗೆ ಪದಕೋಶ ಯಾವುದು ತಗೊಳ್ಳಲಿ? ಮಾಟುಂಗಾದಲ್ಲಿ ಸಿಗ್ತದಾ, ಊರಿನಿಂದಲೇ ತರಿಸಬೇಕಾ?